ಸುಂಕದ ಕಟ್ಟೆಯಲ್ಲಿ ಶೇಂಗಾ ಹಿಂಡಿ

‘ಸುಂಕದವನ ಮುಂದೆ ಸುಖ-ದುಃಖ ಹೇಳಿಕೊಂಡ ಹಾಗೆ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯದೆ ಹೈಸ್ಕೂಲು ದಾಟಿದ ಕನ್ನಡ ವಿದ್ಯಾರ್ಥಿ ಸಿಗುವುದು ಕಷ್ಟ. ಗಾದೆ ಹುಟ್ಟಿದ ಕಾಲದಲ್ಲಿ ಸುಂಕದವನು ಎದುರಿಗಾದರೂ ಕೂತಿರುತ್ತಿದ್ದ. ಕೇಳಲಿ ಬಿಡಲಿ, ಹೇಳಿಕೊಳ್ಳುವುದಕ್ಕೆ ಒಂದು ಮುಖ ಇತ್ತು. ವಿದೇಶಕ್ಕೆ ಅಂಚೆಯಲ್ಲಿ ಪಾರ್ಸೆಲ್ ಕಳಿಸುವ ನಮಗೆ ಅದೂ ಇಲ್ಲ. ನಮ್ಮ ಪರವಾಗಿ ಮಾತಾಡುವುದು ಡಬ್ಬದ ಮೇಲೆ ಅಂಟಿಸಿದ ಒಂದು ಚೀಟಿ ಮಾತ್ರ. ಪಾರ್ಸೆಲ್ಲು ವಾರಗಟ್ಟಲೆ ಕಸ್ಟಮ್ಸಿನಲ್ಲಿ ಕೂತಿತು ಅಂತ ನಾವು ಗೊಣಗುತ್ತೇವಲ್ಲ, ಬಹಳ ಸಲ ಆ ಚೀಟಿಗೆ ಸರಿಯಾಗಿ ಮಾತು ಬಂದಿರುವುದಿಲ್ಲ. ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಈ ಅಂಚೆ-ಸುಂಕದ ಪುರಾಣ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಇದು ಅರ್ಧ ಸುಂಕದ ವಿಷಯ, ಇನ್ನರ್ಧ ಭಾಷಾಂತರದ ವಿಷಯ.

ಸುಂಕವೇನೂ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಹೆಜ್ಜುಂಕ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಬರುತ್ತವೆ, ಅವನ್ನು ನೋಡಿಕೊಳ್ಳುವ ಸುಂಕವೆರ್ಗಡೆಗಳೂ ಬರುತ್ತಾರೆ. ಹನ್ನೆರಡನೇ ಶತಮಾನದ ವಚನಕಾರರಲ್ಲಿ ಸುಂಕದ ಬಂಕಣ್ಣ ಎಂಬವರೇ ಇದ್ದರು. ಅದು ಬಸವಕಲ್ಯಾಣದ ಕಡೆಯ ಮಾತು ಬಿಡಿ, ನಮ್ಮ ಲೋಕಲ್ ರೈಲಿನ ಕಲ್ಯಾಣಕ್ಕೂ ಇದರಲ್ಲಿ ಹಳೆಯ ಹಕ್ಕಿದೆ. ಕ್ರಿ.ಶ. ಒಂದನೇ ಶತಮಾನದ್ದೆನ್ನಲಾಗುವ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕರ ಕೈಪಿಡಿ ‘ಕಲ್ಲಿಯೇನ’ ಎಂಬ ಬಂದರನ್ನು ಹೆಸರಿಸುತ್ತದೆ. ಅದು ನಮ್ಮ ಕಲ್ಯಾಣವೇ ಎಂದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಹಿಂದೆ ಅಲ್ಲಿ ವ್ಯಾಪಾರ ಸರಾಗವಾಗಿತ್ತಂತೆ. ಆಮೇಲೆ ಬಂದ ಅರಸು ತಡೆ ಹಾಕಿದ. ದಾರಿ ತಪ್ಪಿ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಸಾಗಿಸುತ್ತಿದ್ದರು. ಎರಡು ಸಾವಿರ ವರ್ಷದ ಹಿಂದೆಯೇ ಕಲ್ಯಾಣದಲ್ಲಿ ಸರಕು ತಡೆಹಿಡಿದ ದಾಖಲೆ ಇದು!

ನಾನಿರುವುದು ಡೊಂಬಿವಲಿ ಪೂರ್ವದಲ್ಲಿ. ನಮ್ಮ ಕಟ್ಟಡದಲ್ಲಿ ವಿಜಾಪುರದವರು, ಧಾರವಾಡದವರು, ಉಡುಪಿಯವರು ಎಲ್ಲ ಇದ್ದಾರೆ. ಮಹಡಿಗೊಂದು ಮನೆಯ ಮಗನೋ ಮಗಳೋ ಹೊರದೇಶದಲ್ಲಿದ್ದಾರೆ. ಕನ್ನಡ ಎಂ.ಎ. ಓದುವ ಹುಡುಗನಿಗೆ ಪುರುಸೊತ್ತು ಹೆಚ್ಚು ಎಂಬ ನಂಬಿಕೆಯಿಂದ ಎಲ್ಲರ ಕಸ್ಟಮ್ಸ್ ಫಾರಂ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಮೂರನೇ ಮಹಡಿಯ ಕಾಕು ಒಂದು ದಿನ ಕೇಳಿದರು, “ತಮ್ಮಾ, ಹಿಂಡಿಗೆ ಇಂಗ್ಲಿಷಿನ್ಯಾಗ ಏನಂತ ಬರೀತಿ?”

“ನೀವೇ ಹೇಳ್ರಿ ಕಾಕು.”

“ಹಿಂಡಿ ಅಂದ್ರ ಹಿಂಡಿನಪಾ. ಅದಕ್ಕೇನ್ ಬ್ಯಾರೆ ಹೆಸರು?”

ಕಷ್ಟ ಇರುವುದೇ ಇಲ್ಲಿ. ಉತ್ತರ ಕರ್ನಾಟಕದ ಅಡಿಗೆಮನೆಯಲ್ಲಿ ಹಿಂಡಿ ಎಂದರೆ ಚಟ್ನಿಪುಡಿ: ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಮೈಸೂರು ಕಡೆ ಹಿಂಡಿ ಎಂದರೆ ಎಣ್ಣೆ ತೆಗೆದ ಮೇಲೆ ಉಳಿದು ದನದ ಬಾಯಿಗೆ ಹೋಗುವ ವಸ್ತು. ನಿಘಂಟು ತೆರೆದು ‘ಆಯಿಲ್ ಕೇಕ್’ ಎಂದು ಬರೆದಿರೋ, ಕಾಕುವಿನ ಚಟ್ನಿಪುಡಿ ದನದ ಮೇವಿನ ಸಾಲಿಗೆ ಹೋಗಿ ನಿಲ್ಲುತ್ತದೆ. ಇದು ತಮಾಷೆಗೆ ಹೇಳಿದ್ದಲ್ಲ. ಜಗತ್ತಿನ ವ್ಯಾಪಾರದ ವಸ್ತುಗಳಿಗೆಲ್ಲ ಅಂಕಿಯ ಹೆಸರು ಕೊಡುವ ಒಂದು ಪಟ್ಟಿ 1988ರ ಜನವರಿ 1ರಿಂದ ಜಾರಿಯಲ್ಲಿದೆ, ಎಚ್.ಎಸ್. ಕೋಡ್ ಅಂತಾರೆ. ಅದರಲ್ಲಿ ಶೇಂಗಾ ಎಣ್ಣೆಯ ಹಿಂಡಿಗೆ 2305, ಮಸಾಲೆ ಮಿಶ್ರಣಗಳಿಗೆ 2103. ಒಂದು ಜಾನುವಾರಿನ ಮೇವಿನ ಅಧ್ಯಾಯ, ಇನ್ನೊಂದು ಮನುಷ್ಯರ ಆಹಾರದ್ದು. ಕೇಳುವ ಪ್ರಶ್ನೆಗಳೂ ಬೇರೆ, ಪರವಾನಗಿಗಳೂ ಬೇರೆ.

ಅಂಟಿನ ಉಂಡಿಯದೂ ಇದೇ ಪಾಡು. ಬಾಣಂತಿಯರಿಗೆ ಮಾಡುವ ಉಂಡಿ; ಮರಾಠಿಯವರು ಡಿಂಕಾಚೆ ಲಾಡು ಅಂತಾರೆ. ಅಂಟು ಎಂದರೆ ಗಮ್ ಎಂದು ಬರೆದರೆ ಓದುವವನಿಗೆ ಕಾಗದ ಅಂಟಿಸುವ ಗೋಂದು ನೆನಪಾಗುತ್ತದೆ. ವಿಭೂತಿಗೆ ಬರಿಯ ‘ಆಶ್’ ಎಂದು ಬರೆಯುವುದಂತೂ ಬೇಡವೇ ಬೇಡ. ಕುಂಕುಮಕ್ಕೆ ‘ರೆಡ್ ಪೌಡರ್’ ಅಂದರೆ ತಪ್ಪಲ್ಲ, ಆದರೆ ‘ಪೌಡರ್’ ಎಂಬ ಒಂದೇ ಶಬ್ದ ಕಂಡಲ್ಲಿ ಸುಂಕದವರು ಡಬ್ಬ ಬಿಚ್ಚದೆ ಬಿಡುವುದು ಕಷ್ಟ. ನಾನು ಬರೆಯುವ ರೀತಿ ಹೀಗೆ: ಮೊದಲು ಯಾವುದರಿಂದ ಮಾಡಿದ್ದು, ಆಮೇಲೆ ಏನು ಮಾಡಿದ್ದು, ಕೊನೆಗೆ ಯಾತಕ್ಕೆ. ‘ರೋಸ್ಟೆಡ್ ಪೀನಟ್ ಸ್ಪೈಸ್ ಮಿಕ್ಸ್, ಫಾರ್ ಈಟಿಂಗ್’ ಎಂದರೆ ಯಾವ ದೇಶದ ಗುಮಾಸ್ತನಿಗೂ ತಿಳಿಯುತ್ತದೆ. ಇದರಲ್ಲಿ ಕಾವ್ಯ ಇಲ್ಲ, ಒಪ್ಪಿದೆ.

ಒಂದು ಹೆಸರಿಗೆ ಇಷ್ಟೊಂದು ತೂಕ ಹೇಗೆ ಬಂತು ಅಂದರೆ, ಪಾರ್ಸೆಲ್ಲಿನ ದಾರಿ ನೋಡಬೇಕು. ಡೊಂಬಿವಲಿಯಲ್ಲೋ ಥಾಣೆಯಲ್ಲೋ ವಾಶಿಯಲ್ಲೋ ಬುಕ್ ಮಾಡಿದ ಡಬ್ಬ ಮುಂಬಯಿಗೆ ಹೋಗುತ್ತದೆ: ಬಲ್ಲಾರ್ಡ್ ಎಸ್ಟೇಟಿನ ವಿದೇಶ ಅಂಚೆ ಕಚೇರಿಗೆ, ಇಲ್ಲವೇ ವಿಮಾನ ನಿಲ್ದಾಣದ ಬಳಿಯ ಅಂಚೆ ಕೇಂದ್ರಕ್ಕೆ. (ನವಿ ಮುಂಬಯಿಯ ಗೆಳೆಯರು ನ್ಹಾವಾ ಶೇವಾ ಬಂದರು ಪಕ್ಕದಲ್ಲೇ ಇದೆಯಲ್ಲ ಅಂತಾರೆ. ಅಲ್ಲಿಯದು ಕಂಟೇನರುಗಳ ಲೆಕ್ಕ. ನಮ್ಮ ಎರಡು ಕಿಲೋ ಡಬ್ಬದ ದಾರಿ ಆಕಾಶದ್ದು.) ಅಂಚೆಯವರು ಹೊರುವವರು, ಅವರದು ಸಂಪರ್ಕ ಸಚಿವಾಲಯ. ಸುಂಕದವರು ಹಣಕಾಸು ಸಚಿವಾಲಯದವರು, 1962ರ ಕಸ್ಟಮ್ಸ್ ಕಾಯಿದೆಯ ಪ್ರಕಾರ ನೋಡುವವರು. ಅಂಚೆಯ ಕೌಂಟರಿನವನ ಮೇಲೆ ರೇಗಿ ಪ್ರಯೋಜನವಿಲ್ಲ. ನೋಡುವುದೂ ಒಂದೇ ಸಲವಲ್ಲ. ಇಲ್ಲಿ ಹೊರಡುವಾಗ ಒಮ್ಮೆ, ಅಲ್ಲಿ ಇಳಿದಾಗ ಅವರ ಸುಂಕದವರಿಂದ ಇನ್ನೊಮ್ಮೆ.

ಹೊರಡುವಾಗ ನಮ್ಮವರು ಹುಡುಕುವುದು ಹೋಗಬಾರದ ವಸ್ತುವನ್ನು: ಚಂದನದ ಕಟ್ಟಿಗೆ, ನವಿಲುಗರಿ, ನೂರು ವರ್ಷ ದಾಟಿದ ವಿಗ್ರಹ ಇಂಥವು. ಕನ್ನಡ ವಿದ್ಯಾರ್ಥಿಗಳು ಇನ್ನೊಂದನ್ನೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ಸಾಹಿತ್ಯಕ, ಐತಿಹಾಸಿಕ ಬೆಲೆಯುಳ್ಳ ಹಸ್ತಪ್ರತಿಗೆ 75 ವರ್ಷ ತುಂಬಿದರೇ ಸಾಕು, ಅದು ಪ್ರಾಚ್ಯವಸ್ತು. ಅಜ್ಜನ ಮನೆಯ ಓಲೆಗರಿ ಕಟ್ಟನ್ನು ಅಮೆರಿಕದ ಪ್ರೊಫೆಸರರಿಗೆ ಪಾರ್ಸೆಲ್ ಮಾಡುವ ಉತ್ಸಾಹ ಬೇಡ.

ಇನ್ನು ಚೀಟಿ. ಸಿ.ಎನ್. 22, ಸಿ.ಎನ್. 23 ಎಂದು ಎರಡು ಬಗೆ. ಇವು ವಿಶ್ವ ಅಂಚೆ ಒಕ್ಕೂಟದ ಫಾರಂಗಳು. ಒಕ್ಕೂಟ 1874ರಲ್ಲಿ ಬರ್ನ್ ನಗರದಲ್ಲಿ ಹುಟ್ಟಿತು, ಭಾರತ 1876ರಲ್ಲಿ ಸೇರಿತು. ಅದರ ಅಧಿಕೃತ ಭಾಷೆ ಫ್ರೆಂಚ್. ಚೀಟಿಯಲ್ಲಿ ಇಂಗ್ಲಿಷಿನ ಪಕ್ಕ ಫ್ರೆಂಚ್ ಇರುವುದು ಅದಕ್ಕೇ. ಚಿಕ್ಕ ಚೀಟಿ ಕಡಿಮೆ ಬೆಲೆಯ ವಸ್ತುಗಳಿಗೆ, ದೊಡ್ಡದು ಹೆಚ್ಚು ಬೆಲೆಗೆ. ಒಳಗೇನಿದೆ, ಎಷ್ಟಿದೆ, ತೂಕ, ಬೆಲೆ, ಕೋಡ್, ಯಾವ ದೇಶದ್ದು — ಎಲ್ಲ ಬರೆದು ಸಹಿ ಹಾಕಬೇಕು. 2021ರಿಂದ ಈ ವಿವರಗಳನ್ನು ಕಂಪ್ಯೂಟರಿನಲ್ಲಿ ಮುಂದಾಗಿ ಕಳಿಸುವುದು ಒಕ್ಕೂಟದ ನಿಯಮ. ಅಂದರೆ ಡಬ್ಬಕ್ಕಿಂತ ಮೊದಲು ಅದರ ಹೆಸರು ಹೋಗಿ ಮುಟ್ಟಿರುತ್ತದೆ. ಅಲ್ಲಿಯವರು ಹೆಸರು ನೋಡಿಯೇ ಇದನ್ನು ಬಿಡಬೇಕು, ಇದನ್ನು ಬಿಚ್ಚಬೇಕು ಅಂತ ವಿಂಗಡಿಸುತ್ತಾರೆ. ಹೆಸರು ಅಸ್ಪಷ್ಟವಾದರೆ ಡಬ್ಬ ಒಂದು ಕಡೆ, ಪ್ರಶ್ನೆ ಇನ್ನೊಂದು ಕಡೆ.

ಕಾಕುವಿನ ಮಗಳಿಗೆ ಯೂರೋಪಿನ ಒಂದು ದೇಶದಲ್ಲಿ ಹೆರಿಗೆಯಾಯಿತು. ಬಾಣಂತನಕ್ಕೆ ಹೋಗಲು ಕಾಕುವಿಗೆ ವೀಸಾ ಸಿಗಲಿಲ್ಲ. ಹೋಗಲಾಗದವರು ಉಂಡಿ ಕಟ್ಟಿದರು. ನಾನು ಊರಿಗೆ ಹೋಗಿದ್ದ ವಾರ ಅದು. ಯಾರೋ ಗಡಿಬಿಡಿಯಲ್ಲಿ ‘ಹೋಮ್ ಮೇಡ್ ಐಟಮ್ಸ್’ ಎಂದು ಬರೆದು, ಬೆಲೆಯ ಜಾಗದಲ್ಲಿ ಸೊನ್ನೆ ಹಾಕಿ ಕೊಟ್ಟುಬಿಟ್ಟರು. ಅಲ್ಲಿಯ ಸುಂಕದವರು ಮಗಳಿಗೆ ಕಾಗದ ಬರೆದರು: ಒಳಗಿರುವುದು ಏನು, ಬೆಲೆಗೆ ರಸೀದಿ ಎಲ್ಲಿ? ತಾಯಿ ಕಟ್ಟಿದ ಉಂಡಿಗೆ ರಸೀದಿ ಎಲ್ಲಿಂದ ತರುತ್ತಾಳೆ? ಹಸಿ ಬಾಣಂತಿ, ಪರಭಾಷೆ, ಎರಡೆರಡು ಸಲ ಉತ್ತರ ಬರೆದಳು. ಕೂಸು ಬೋರಲು ಬೀಳುವ ಹೊತ್ತಿಗೆ ಉಂಡಿ ಮುಟ್ಟಿತು. “ಬಾಣಂತನ ಮುಗದ ಮ್ಯಾಲೆ ಬಂತು, ಕೂಸಿನ ಅಪ್ಪ ತಿಂದಾನ” ಅಂದರು ಕಾಕು. ನಗುತ್ತಲೇ ಅಂದರು, ಆದರೆ ಆ ದಿನ ಚಹಾ ಕೊಡುವುದನ್ನು ಮರೆತಿದ್ದರು.

ಸೊನ್ನೆ ಬೆಲೆ ಬರೆದರೆ ಸುಂಕ ಉಳಿಯುತ್ತದೆ ಎನ್ನುವುದು ನಮ್ಮಲ್ಲಿ ಬಲವಾಗಿ ಬೇರೂರಿದ ಮೂಢನಂಬಿಕೆ. ಸೊನ್ನೆ ಕಂಡರೆ ಅನುಮಾನ ಹುಟ್ಟುತ್ತದೆ, ಅಷ್ಟೇ. ಶೇಂಗಾ, ಬೆಲ್ಲ, ತುಪ್ಪಕ್ಕೆ ಎಷ್ಟು ಬಿತ್ತೋ ಅಷ್ಟು ಬರೆಯಿರಿ. ‘ಗಿಫ್ಟ್’ ಎಂಬ ಚೌಕದಲ್ಲಿ ಗುರುತು ಹಾಕಿದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ, ಅದಕ್ಕೂ ಮಿತಿ ಇದೆ: ಬ್ರಿಟನ್ನಿಗೆ 39 ಪೌಂಡು, ಯೂರೋಪಿನ ಒಕ್ಕೂಟಕ್ಕೆ 45 ಯೂರೋ, ಅಮೆರಿಕಕ್ಕೆ 100 ಡಾಲರು. ತೆರಿಗೆ ಇಲ್ಲದ ಸಣ್ಣ ಖರೀದಿಗೆ ಯೂರೋಪಿನಲ್ಲಿದ್ದ 22 ಯೂರೋ ವಿನಾಯಿತಿ 2021ರ ಜುಲೈ 1ಕ್ಕೆ ಹೋಯಿತು.

ದೇಶದಿಂದ ದೇಶಕ್ಕೆ ತಗಾದೆ ಬೇರೆ. ಯೂರೋಪಿನ ಒಕ್ಕೂಟದವರು ಹಾಲಿನ ಪದಾರ್ಥ ಒಲ್ಲರು, ತುಪ್ಪದ ಡಬ್ಬಿ ಕಳಿಸಬೇಡಿ. ಆಸ್ಟ್ರೇಲಿಯದವರಿಗೆ ಮೊಳೆಯುವ ಬೀಜ ಕಂಡರೆ ಭಯ. ಅಮೆರಿಕದ ನಿಯಮ ಒಂದು ಮಜವಾಗಿದೆ: ಆಹಾರ ಪದಾರ್ಥ ಬರುವುದಿದ್ದರೆ ಮುಂಗಡ ಸೂಚನೆ ಕೊಡಬೇಕು, ಆದರೆ ಒಬ್ಬರು ತಮ್ಮ ಮನೆಯಲ್ಲಿ ತಾವೇ ಮಾಡಿ ಇನ್ನೊಬ್ಬರಿಗೆ ಕಾಣಿಕೆಯಾಗಿ ಕಳಿಸಿದ್ದಕ್ಕೆ ಬೇಡ. ಕಾಯಿದೆಯ ಪ್ರಕಾರ ಅಂಗಡಿಯ ಹಪ್ಪಳಕ್ಕೆ ಸೂಚನೆ ಬೇಕು, ಅಜ್ಜಿಯ ಹಪ್ಪಳಕ್ಕೆ ಬೇಡ! ‘ಮನೆಯಲ್ಲಿ ಮಾಡಿದ್ದು’ ಎಂಬ ಮಾತನ್ನು ವಸ್ತುವಿನ ಹೆಸರಿನ ಜೊತೆಗೆ ಬರೆಯುವುದು ಅಲ್ಲಿ ಉಪಯೋಗಕ್ಕೆ ಬರುತ್ತದೆ. ಹೆಸರಿನ ಬದಲಿಗೆ ಬರೆದರೆ ಕಾಕುವಿನ ಕತೆ.

ಕೊಲ್ಲಿ ದೇಶಗಳ ವಿಷಯದಲ್ಲಿ ಮಾತ್ರ ನಗುವ ಹಾಗಿಲ್ಲ. ಗಸಗಸೆ ಅಫೀಮಿನ ಗಿಡದ ಬೀಜ. ನಮಗೆ ಅದು ಪಾಯಸ, ಅಂಟಿನ ಉಂಡಿ, ಮಸಾಲೆ. ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಸೌದಿ ಅರೇಬಿಯಾದಲ್ಲಿ ಅದು ನಿಷಿದ್ಧ ವಸ್ತು. ದುಬೈಗೆ, ಶಾರ್ಜಾಕ್ಕೆ ಉಂಡಿ ಕಳಿಸುವ ತಾಯಂದಿರು ನಮ್ಮ ಥಾಣೆ-ಕಲ್ಯಾಣದಲ್ಲಿ ಕಡಿಮೆಯಿಲ್ಲ. ಅಲ್ಲಿ ತಡವಾಗುವುದಲ್ಲ ಪ್ರಶ್ನೆ. ಪಾರ್ಸೆಲ್ ತೆಗೆದುಕೊಂಡ ಮಗ ಪೊಲೀಸರಿಗೆ ಉತ್ತರ ಕೊಡಬೇಕಾದೀತು. ಫಾರಂ ಬರೆಯುವ ಮೊದಲು ನಾನು ಕೇಳುವ ಮೊದಲನೇ ಪ್ರಶ್ನೆ, “ಗಸಗಸೆ ಹಾಕೀರೇನು?” ಇದನ್ನು ನೀವೂ ನಿಮ್ಮ ಓಣಿಯಲ್ಲಿ ಹೇಳಿ.

ಕೆಲವು ತಡಗಳಿಗೆ ಮಾತ್ರ ಚೀಟಿಯೂ ಕಾರಣವಲ್ಲ, ನಾವೂ ಕಾರಣವಲ್ಲ. 2016ರಿಂದ ಅಮೆರಿಕಕ್ಕೆ 800 ಡಾಲರಿನವರೆಗಿನ ವಸ್ತು ಸುಂಕವಿಲ್ಲದೆ ಹೋಗುತ್ತಿತ್ತು. 2025ರ ಜುಲೈ 30ರ ಆಜ್ಞೆಯಿಂದ ಆ ರಿಯಾಯಿತಿ ಆಗಸ್ಟ್ 29ಕ್ಕೆ ನಿಂತಿತು. ಇನ್ನು ಮೇಲೆ ಸುಂಕವನ್ನು ಯಾರು ವಸೂಲಿ ಮಾಡಬೇಕು, ಯಾರಿಗೆ ಹೇಗೆ ಕಟ್ಟಬೇಕು ಸ್ಪಷ್ಟವಿರಲಿಲ್ಲ. ವಿಮಾನದವರು ಅಂಚೆ ಹೊರಲು ಒಪ್ಪಲಿಲ್ಲ. ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದ ಹೆಚ್ಚಿನ ಬುಕಿಂಗ್ ನಿಲ್ಲಿಸಿತು, ತಿಂಗಳ ಕೊನೆಗೆ ಪೂರ್ತಿ ನಿಲ್ಲಿಸಿತು. ಮತ್ತೆ ತೆರೆದದ್ದು ಅಕ್ಟೋಬರ್ 15ಕ್ಕೆ. ನಡುವೆ ಗಣೇಶ ಬಂದು ಹೋದ, ದಸರಾ ಮುಗಿಯಿತು, ದೀಪಾವಳಿಗೆ ಐದೇ ದಿನ ಉಳಿದಿತ್ತು. ದೀಪಾವಳಿಯ ಫರಾಳ ಹೊರದೇಶಕ್ಕೆ ಕಳಿಸುವುದು ಡೊಂಬಿವಲಿ, ಥಾಣೆಯಲ್ಲಿ ಎಂಥ ದೊಡ್ಡ ಸಡಗರವೆಂದು ಬಲ್ಲವರಿಗೆ ಆ ಏಳು ವಾರ ಏನೆಂಬುದು ಗೊತ್ತು. ಚಕ್ಕುಲಿ, ಕರ್ಜಿಕಾಯಿ ನಮ್ಮಲ್ಲೇ ಉಳಿದವು. ಬುಕಿಂಗ್ ತೆರೆದ ಮೇಲೆ ಸುಂಕವನ್ನು ಇಲ್ಲೇ, ಬುಕ್ ಮಾಡುವಾಗಲೇ ಕಟ್ಟಿಸಿಕೊಳ್ಳುವ ಪದ್ಧತಿ ಬಂತು. ದರಗಳು ಬದಲಾಗುತ್ತಿರುತ್ತವೆ, ಕಳಿಸುವ ದಿನವೇ ಕೌಂಟರಿನಲ್ಲಿ ಕೇಳುವುದು ಮೇಲು.

ಅಲ್ಲಿಂದ ಇಲ್ಲಿಗೆ ಬರುವ ಕಾಣಿಕೆಗೂ ಹಿಂದಿನ ಸಡಿಲ ಇಲ್ಲ. 5000 ರೂಪಾಯಿವರೆಗೆ ಇದ್ದ ರಿಯಾಯಿತಿ 2019ರ ಡಿಸೆಂಬರ್ 12ಕ್ಕೆ ಹೋಯಿತು; ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ಬಿಟ್ಟರು. ರಾಖಿಗೆ ಸರಿ, ರಾಖಿಯ ಜೊತೆ ಬರುವ ಚಾಕಲೇಟಿಗೆ ಇಲ್ಲ.

ಕಳಿಸಿದ ಮೇಲೆ ರಸೀದಿಯ ಮೇಲಿನ ಹದಿಮೂರು ಚಿಹ್ನೆಗಳ ನಂಬರನ್ನು ಜೋಪಾನ ಮಾಡಿ: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಭಾರತದ ಐ.ಎನ್. ಕಂಪ್ಯೂಟರಿನಲ್ಲಿ ‘ಕಸ್ಟಮ್ಸಿಗೆ ಒಪ್ಪಿಸಲಾಗಿದೆ’ ಎಂದು ಕಂಡರೆ ಗಾಬರಿ ಬೇಡ, ಸಾಲಿನಲ್ಲಿ ನಿಂತಿದೆ ಎಂದಷ್ಟೇ ಅರ್ಥ. ‘ತಡೆಹಿಡಿಯಲಾಗಿದೆ’ ಎಂದಿದ್ದರೆ ಮೊದಲು ಊರ ಹೆಸರು ನೋಡಿ. ಮುಂಬಯಿ ಎಂದಿದ್ದರೆ ಇಲ್ಲಿ ಕೇಳಬೇಕು. ಹೊರದೇಶದ ಊರಿದ್ದರೆ ಪಡೆಯುವವರೇ ಅಲ್ಲಿ ಉತ್ತರ ಕೊಡಬೇಕು, ನಾವು ಡೊಂಬಿವಲಿಯಿಂದ ಎಷ್ಟು ಓಡಾಡಿದರೂ ಕೆಲಸವಾಗದು. ಅದಕ್ಕೇ ಚೀಟಿಯ ಒಂದು ಪ್ರತಿ ಫೋಟೋ ತೆಗೆದು ಅವರಿಗೆ ಮೊದಲೇ ಕಳಿಸಿರಿ, ಪಡೆಯುವವರ ಫೋನ್ ನಂಬರನ್ನೂ ಡಬ್ಬದ ಮೇಲೆ ಬರೆಯಿರಿ. ಸಾಮಾನ್ಯ ಪಾರ್ಸೆಲ್ ಕಾಣೆಯಾದರೆ ಕಳಿಸಿದ ದಿನದಿಂದ ಆರು ತಿಂಗಳೊಳಗೆ ಅಂಚೆ ಕಚೇರಿಯಲ್ಲಿ ವಿಚಾರಣೆಗೆ ಅರ್ಜಿ ಕೊಡಬಹುದು. ಮುಟ್ಟದೆ ಹೋದರೆ ತಿರುಗಿ ಕಳಿಸಬೇಕೋ ಅಲ್ಲೇ ಬಿಟ್ಟುಬಿಡಬೇಕೋ ಎಂದು ಫಾರಮ್ಮಿನಲ್ಲಿ ಕೇಳುವ ಜಾಗವನ್ನು ಖಾಲಿ ಬಿಡಬೇಡಿ; ತಿರುಗಿ ಬರುವುದಕ್ಕೂ ಕೆಲವೊಮ್ಮೆ ಹಣ ಬೀಳುತ್ತದೆ. ಕಾಕು ಪ್ರತಿ ಸಲ ಅಲ್ಲೇ ಬಿಡು ಅಂತ ಬರೆಸುತ್ತಾರೆ.