ಕ್ಷಯರೋಗವೂ ಸರಾಸರಿಯ ಲೆಕ್ಕವೂ

ಕ್ಷಯರೋಗವು ಬಡವ ಬಲ್ಲಿದರೆಂಬ ಭೇದವನ್ನು ಎಣಿಸುವುದಿಲ್ಲವೆಂದು ಹೇಳುವುದುಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿಯಾದ ಕೃಷ್ಣಾಜಮ್ಮಣ್ಣಿಯವರೇ ಈ ರೋಗಕ್ಕೆ ತುತ್ತಾದರು. ಮೈಸೂರಿನ ಕ್ಷಯರೋಗದ ಆಸ್ಪತ್ರೆಯು ಅವರ ಹೆಸರನ್ನು ಹೊತ್ತಿದೆ. ಆದರೆ ರೋಗವು ಅರಮನೆಯನ್ನೂ ಹೊಗಬಲ್ಲದೆಂಬುದು ಒಂದು ಮಾತು. ಎಲ್ಲ ಮನೆಗಳನ್ನೂ ಸಮನಾಗಿ ಹೊಗುವುದೆಂಬುದು ಬೇರೊಂದು ಮಾತು. ಮೊದಲನೆಯದು ನಿಜ, ಎರಡನೆಯದನ್ನು ನಾವು ಪರೀಕ್ಷಿಸಿ ನೋಡತಕ್ಕದ್ದು.

ಲೋಕದ ಜನರಲ್ಲಿ ಸುಮಾರು ಆರರಲ್ಲೊಬ್ಬರು ಭಾರತೀಯರು. ೨೦೨೩ರಲ್ಲಿ ಲೋಕದಲ್ಲಿ ಹೊಸದಾಗಿ ಕ್ಷಯ ಹತ್ತಿದವರಲ್ಲಾದರೋ ನಾಲ್ಕರಲ್ಲೊಬ್ಬರಿಗಿಂತಲೂ ಹೆಚ್ಚು ಮಂದಿ ನಮ್ಮವರು. ದೇಶದೊಳಗಾದರೂ ಈ ಹೊರೆ ಸಮವಾಗಿದೆಯೆ? ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಹದಿನೈದು ವರ್ಷ ತುಂಬಿದವರ ಪೈಕಿ ಲಕ್ಷಕ್ಕೆ ೩೧೬ ಮಂದಿಗೆ ಶ್ವಾಸಕೋಶದ ಕ್ಷಯವಿರುವುದು ಕಂಡುಬಂದಿತು. ದೆಹಲಿಯಲ್ಲಿ ಈ ಅಂಕಿ ೫೩೪, ಕೇರಳದಲ್ಲಿ ೧೧೫. ಸರಾಸರಿಯೆಂಬುದು ಬಹಳ ಸಭ್ಯವಾದ ಅಂಕಿ. ಯಾರ ಮನೆಯ ಗುಟ್ಟನ್ನೂ ಅದು ಹೊರಗೆಡಹುವುದಿಲ್ಲ.

೧೮೮೨ರಲ್ಲಿ ರಾಬರ್ಟ್ ಕಾಖ್ ಎಂಬ ಜರ್ಮನ್ ವೈದ್ಯನು ಕ್ಷಯದ ಕ್ರಿಮಿಯನ್ನು ಕಂಡುಹಿಡಿದನು. ಆದರೆ ಕ್ರಿಮಿಯಿದ್ದ ಮಾತ್ರಕ್ಕೆ ರೋಗವಿಲ್ಲ. ಮೇಲೆ ಹೇಳಿದ ಸಮೀಕ್ಷೆಯಂತೆ ನಮ್ಮ ವಯಸ್ಕರಲ್ಲಿ ಹತ್ತರಲ್ಲಿ ಮೂವರಿಗೆ ಸೋಂಕು ತಗಲಿದೆ. ಅವರಲ್ಲಿ ಬಹುಪಾಲು ಜನರು ಜೀವಮಾನವೆಲ್ಲವನ್ನೂ ಈ ರೋಗವಿಲ್ಲದೆ ಕಳೆಯುವರು. ಮಲಗಿರುವ ಕ್ರಿಮಿಯನ್ನು ಎಬ್ಬಿಸತಕ್ಕವು ಹಸಿವು, ಕಲ್ಲಿನ ದೂಳು, ಸಿಹಿಮೂತ್ರ, ಕುಡಿತ, ಬೀಡಿ ಮುಂತಾದುವು. ಹಸಿವಿನ ಪಾತ್ರವೆಷ್ಟೆಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು ಝಾರ್ಖಂಡದಲ್ಲಿ ಪರೀಕ್ಷೆಯೊಂದನ್ನು ನಡೆಸಿ ೨೦೨೩ರಲ್ಲಿ ಪ್ರಕಟಿಸಿದರು. ಕೆಲವು ಕಡೆ ರೋಗಿಗೆ ಮಾತ್ರ, ಕೆಲವು ಕಡೆ ರೋಗಿಯೊಡನೆ ಮನೆಯವರೆಲ್ಲರಿಗೂ ತಿಂಗಳು ತಿಂಗಳು ಅಕ್ಕಿ ಬೇಳೆಗಳನ್ನು ಕೊಡಲಾಯಿತು. ಎಲ್ಲರಿಗೂ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತುವುದು ನೂರಕ್ಕೆ ೩೯ರಷ್ಟು ಕಡಮೆಯಾಯಿತು. ಔಷಧವಲ್ಲ, ಬರಿಯ ಅನ್ನ!

ಈ ದೃಷ್ಟಿಯಿಂದ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಗೆ ತಿರುಗೋಣ. ಬಡಗಲಿಗೆ ಭೀಮೆ, ತೆಂಕಲಿಗೆ ಕೃಷ್ಣೆ. ನಡುವೆ ಎರೆಯ ನೆಲ, ಬಿಳಿಯ ಜೋಳ. ಮಳೆ ಬಂದರೆ ಬೆಳೆಗೆ ಎಣೆಯಿಲ್ಲ, ತಪ್ಪಿದರೆ ಗುಳೆ. ೧೮೭೬ರಿಂದ ೧೮೭೮ರ ವರೆಗಿನ ಮಹಾ ಬರವನ್ನು ಕಂಡ ಸೀಮೆಯಿದು. ೨೦೦೨ರಲ್ಲಿ ನಂಜುಂಡಪ್ಪನವರ ಸಮಿತಿಯು ರಾಜ್ಯದ ೧೭೫ ತಾಲ್ಲೂಕುಗಳಲ್ಲಿ ೧೧೪ನ್ನು ಹಿಂದುಳಿದವೆಂದು ಗುರುತಿಸಿತು. ಈ ನಾಲ್ಕೂ ಅವುಗಳಲ್ಲಿ ಸೇರಿದ್ದವು. ಸಮಿತಿಯು ಎಣಿಸಿದ್ದು ಕ್ಷಯರೋಗಿಗಳನ್ನಲ್ಲ. ಆದರೂ ರಾಜ್ಯದ ಸರಾಸರಿಯನ್ನು ಬದಿಗಿಟ್ಟು ತಾಲ್ಲೂಕಿಗೆ ಇಳಿದು ನೋಡಿದ ಅದರ ಕ್ರಮವೇ ಕ್ಷಯದ ವಿಷಯದಲ್ಲಿಯೂ ಬೇಕಾದದ್ದು.

ಹಳ್ಳಿಯವರು ಅಜ್ಞಾನದಿಂದ ವೈದ್ಯರ ಬಳಿಗೆ ಹೋಗುವುದಿಲ್ಲವೆಂದು ಓದಿದವರಾದ ನಾವು ದೂರುತ್ತೇವೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯಲ್ಲಿ ವಿಚಾರಿಸಿ ೧೯೬೩ರಲ್ಲಿ ಪ್ರಕಟಿಸಿದ ವರದಿಯು ಈ ದೂರನ್ನು ಸುಳ್ಳುಮಾಡಿತು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಬಹುಮಟ್ಟಿಗೆ ಕೆಮ್ಮಿನ ಔಷಧದ ಸೀಸೆಯೊಡನೆ ಹಿಂದಿರುಗಿದ್ದರು. ಕಫವನ್ನು ಪರೀಕ್ಷಿಸುವವರಿಲ್ಲದಲ್ಲಿ ರೋಗಿಯ ಅರಿವಿನಿಂದ ಫಲವೇನು?

ಗುಳೆ ಹೋಗುವವನ ಕಷ್ಟ ಇದಕ್ಕಿಂತ ತೊಡಕಿನದು. ಸಾಧಾರಣವಾದ ಕ್ಷಯಕ್ಕೆ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು. ಕೂಲಿಯು ಅಷ್ಟು ಕಾಲ ಒಂದೇ ಊರಿನಲ್ಲಿ ದೊರೆಯುವುದಿಲ್ಲ. ನಡುವೆ ಬಿಟ್ಟರೆ ಕ್ರಿಮಿಯು ಔಷಧಕ್ಕೆ ಬಗ್ಗದಂತಾಗುವ ಭಯವುಂಟು. ಅವನೊಡನೆ ಒಂದೇ ತಗಡಿನ ಗುಡಿಸಿಲಿನಲ್ಲಿ ಮಲಗುವ ಹೆಂಡತಿ ಮಕ್ಕಳಿಗೂ ಅಪಾಯ ತಪ್ಪಿದ್ದಲ್ಲ. ಆಹಾರಕ್ಕಾಗಿ ಸರಕಾರವು ೨೦೧೮ರಿಂದ ರೋಗಿಗೆ ತಿಂಗಳಿಗೆ ೫೦೦ ರೂಪಾಯಿಗಳನ್ನು ಕೊಡುತ್ತಿದ್ದು, ೨೦೨೪ರ ನವೆಂಬರಿನಿಂದ ಅದನ್ನು ೧,೦೦೦ಕ್ಕೆ ಏರಿಸಿತು. ಊರು ಬಿಡುವವನು ಹೊರಡುವ ಮೊದಲೇ ತಾಲ್ಲೂಕು ಆಸ್ಪತ್ರೆಯಲ್ಲಿ ತಿಳಿಸಿ, ತನ್ನ ನಿಕ್ಷಯ್ ಸಂಖ್ಯೆಯನ್ನು ಬರೆದಿಟ್ಟುಕೊಂಡು ಹೋದರೆ, ಹೋದ ಊರಿನ ಸರಕಾರಿ ಆಸ್ಪತ್ರೆಯಲ್ಲಿಯೂ ಮಾತ್ರೆಗಳನ್ನು ವೆಚ್ಚವಿಲ್ಲದೆ ಪಡೆಯಬಹುದು.