ಮುಂದೆ ಗುಂಡಿಯಿರುವ ಅಂಗಿ, ಒಂದು ಪುಟ್ಟ ದಿಂಬು

ಮೆಲ್ಬರ್ನಿನ ಆಗ್ನೇಯ ದಿಕ್ಕಿನಲ್ಲಿರುವ ಕ್ಲೇಟನ್ ನಮ್ಮವರಿಗೆ ಅಪರಿಚಿತ ಸ್ಥಳವಲ್ಲ. ಮೊನಾಶ್ ವಿಶ್ವವಿದ್ಯಾಲಯಕ್ಕೆ ಓದಲು ಬರುವ ಮಕ್ಕಳು ಬಾಡಿಗೆ ಕೋಣೆ ಹುಡುಕುವುದು ಹೆಚ್ಚಾಗಿ ಇಲ್ಲಿಯೇ. ಇಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ನಾನು 19 ವರ್ಷಗಳಿಂದ ಕುಟುಂಬ ವೈದ್ಯೆಯಾಗಿದ್ದೇನೆ. ಈ ಅವಧಿಯಲ್ಲಿ ಎಷ್ಟೋ ಮಹಿಳೆಯರನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ, ಟಿಶ್ಯೂ ಡಬ್ಬಿಯನ್ನು ಅವರತ್ತ ಸರಿಸಿ, "ಬಯಾಪ್ಸಿ ವರದಿ ಬಂದಿದೆ" ಎಂದು ಮಾತು ಆರಂಭಿಸಿದ್ದೇನೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ಆ ವಾಕ್ಯವನ್ನು ನಾನೇ ಕೇಳಿಸಿಕೊಳ್ಳಬೇಕಾಯಿತು. ಎಡ ಸ್ತನದಲ್ಲಿ 18 ಮಿಲಿಮೀಟರಿನ ಗೆಡ್ಡೆ. ಕೈಗೆ ಸಿಗುವಂತಿರಲಿಲ್ಲ; ಎರಡು ವರ್ಷಕ್ಕೊಮ್ಮೆ ಮಾಡಿಸುವ ಮ್ಯಾಮೊಗ್ರಾಮಿನಲ್ಲಿ ಕಂಡಿತ್ತು.

ಆಸ್ಟ್ರೇಲಿಯಾದಲ್ಲಿ 1991ರಿಂದ ನಡೆಯುತ್ತಿರುವ ಬ್ರೆಸ್ಟ್‌ಸ್ಕ್ರೀನ್ ಎಂಬ ಸರ್ಕಾರಿ ಯೋಜನೆಯಲ್ಲಿ 50ರಿಂದ 74 ವರ್ಷದ ಮಹಿಳೆಯರಿಗೆ ಪತ್ರ ಬರೆದು ಕರೆಯುತ್ತಾರೆ. 40 ದಾಟಿದವರು ತಾವಾಗಿಯೇ ಹೋಗಬಹುದು. ಹಣ ಕೊಡಬೇಕಿಲ್ಲ, ವೈದ್ಯರ ಚೀಟಿಯೂ ಬೇಡ. ಆದರೂ ನಮ್ಮ ಹೆಂಗಸರು ಹೋಗುವುದು ಕಡಿಮೆ. ಸಿಡ್ನಿಯಲ್ಲಿ ಭಾರತ ಮತ್ತು ಶ್ರೀಲಂಕಾ ಮೂಲದ ಮಹಿಳೆಯರು ತಪಾಸಣೆಗೆ ಬರುತ್ತಿಲ್ಲವೆಂದೇ 2014ರಲ್ಲಿ 'ಪಿಂಕ್ ಸಾರಿ' ಎಂಬ ಯೋಜನೆಯನ್ನು ಆರಂಭಿಸಿದರು. ಇದನ್ನು ಹೇಳುವ ನಾನೇ ನನ್ನ ಪತ್ರವನ್ನು ಏಳು ತಿಂಗಳು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದೆ.

ಶಸ್ತ್ರಚಿಕಿತ್ಸೆಗೆ 16 ದಿನಗಳಿದ್ದವು. ನನಗೆ ಎಲ್ಲವೂ ತಿಳಿದಿತ್ತು: ಅರಿವಳಿಕೆ, ಕಂಕುಳಿನ ದುಗ್ಧಗ್ರಂಥಿಯ ಪರೀಕ್ಷೆ, ವರದಿಯ ಪ್ರತಿಯೊಂದು ಪದದ ಅರ್ಥ. ತಿಳಿವಳಿಕೆ ನಿದ್ರೆ ತರಲಿಲ್ಲ. ಆಸ್ಪತ್ರೆಯ ಸ್ತನ ಆರೈಕೆ ನರ್ಸ್, "ಈ ದಾರಿಯಲ್ಲಿ ಹೋಗಿಬಂದವರ ಜೊತೆ ಮಾತನಾಡಲು ಇಷ್ಟವಿದೆಯೇ?" ಎಂದು ಕೇಳಿದಾಗ, "ನಾನು ಡಾಕ್ಟರ್, ಅಗತ್ಯವಿಲ್ಲ" ಎಂದುಬಿಟ್ಟೆ. ಆ ಉತ್ತರವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಬ್ಬ ಗೆಳತಿಗೆ ಮಾತ್ರ ವಿಷಯ ತಿಳಿದಿತ್ತು. ಆಕೆ ಎರಡು ದಿನಗಳ ನಂತರ ಫೋನ್ ಮಾಡಿ, "ಒಬ್ಬರಿದ್ದಾರೆ, ನಿನಗೆ ಗೊತ್ತಿರುವವರೇ. ನಿನ್ನ ಹೆಸರು ಅವರಿಗೆ ಹೇಳಬಹುದೇ?" ಎಂದಳು. ಅವರು ವಾರಾಂತ್ಯದ ಕನ್ನಡ ತರಗತಿಯಲ್ಲಿ ನನ್ನ ಮಗನಿಗೆ ಅಕ್ಷರ ತಿದ್ದಿಸಿದವರು, ಹಾಸನದ ಕಡೆಯವರು, ನಾವೆಲ್ಲ ಅಕ್ಕ ಎಂದು ಕರೆಯುವವರು. ಆರು ವರ್ಷಗಳ ಹಿಂದೆ ಅವರ ಬಲ ಸ್ತನವನ್ನು ತೆಗೆಯಲಾಗಿತ್ತು. ಅಷ್ಟು ಯುಗಾದಿಗಳಲ್ಲಿ, ಅಷ್ಟು ರಾಜ್ಯೋತ್ಸವಗಳಲ್ಲಿ ಪಕ್ಕದಲ್ಲಿ ಕುಳಿತು ಊಟ ಮಾಡಿದ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಅವರ ಅಡುಗೆಮನೆಯಲ್ಲಿ ಕುಳಿತೆ. ಕಾಫಿ ಕೊಟ್ಟು, ಕಾಯಿಲೆಯ ಮಾತು ಎತ್ತದೆ, "ನಿಮ್ಮನೇಲಿ ಬೇಳೆ ಡಬ್ಬಿ ಎಲ್ಲಿಡ್ತೀರಿ ಡಾಕ್ಟ್ರೇ?" ಎಂದು ಕೇಳಿದರು. ಮೇಲಿನ ಶೆಲ್ಫಿನಲ್ಲಿ ಎಂದೆ. "ಆಪರೇಷನ್ನಿಗೆ ಮೊದಲೇ ಎಲ್ಲ ಸೊಂಟದ ಮಟ್ಟಕ್ಕೆ ಇಳಿಸಿಬಿಡಿ. ಕೈ ಮೇಲೆತ್ತೋಕೆ ಆಗಲ್ಲ, ಪ್ರತಿ ಸಲ ಯಜಮಾನರನ್ನ ಕರೀಬೇಕು, ಸಿಟ್ಟು ಬರುತ್ತೆ." ಇಷ್ಟು ವರ್ಷಗಳಲ್ಲಿ ನಾನು ಯಾವ ರೋಗಿಗೂ ಇದನ್ನು ಹೇಳಿರಲಿಲ್ಲ.

ಅವರು ಹೇಳುತ್ತಾ ಹೋದರು. ತಲೆಯ ಮೇಲಿನಿಂದ ಹಾಕಿಕೊಳ್ಳುವ ಚೂಡಿದಾರ, ನೈಟಿ ಬೇಡ; ಮುಂದೆ ಗುಂಡಿಯಿರುವ ಸಡಿಲವಾದ ಅಂಗಿಗಳು ನಾಲ್ಕಾದರೂ ಇರಲಿ, ಗಂಡನದಾದರೂ ಸರಿ. ಕಾರಿನ ಸೀಟ್ ಬೆಲ್ಟ್ ಗಾಯಕ್ಕೆ ಒತ್ತದಂತೆ ನಡುವೆ ಇಡಲು ಒಂದು ಪುಟ್ಟ ದಿಂಬು. ಮಲಗಿದಾಗ ಕಂಕುಳಿನ ಕೆಳಗೂ ಅದೇ. ಫೋನ್ ಚಾರ್ಜರಿಗೆ ಉದ್ದದ ತಂತಿ. ಗಾಯದ ದ್ರವ ಹೊರಹೋಗಲು ನಳಿಕೆ ಹಾಕಿದರೆ ಅದರ ಬಾಟಲಿಯನ್ನು ನೇತುಹಾಕಿಕೊಳ್ಳಲು ಬಟ್ಟೆಯ ಚೀಲ. ಅವರದನ್ನು ಹಳೆಯ ರವಿಕೆ ಬಟ್ಟೆಯಲ್ಲಿ ಹೊಲಿದಿದ್ದರು. ದುಗ್ಧಗ್ರಂಥಿಯನ್ನು ಗುರುತಿಸಲು ನೀಲಿ ಬಣ್ಣ ಚುಚ್ಚಿದರೆ ಮರುದಿನ ಮೂತ್ರ ಹಸಿರಾಗಿ ಕಾಣುತ್ತದೆ, ಹೆದರಬೇಡಿ ಎಂದರು. ವೈದ್ಯೆಯಾದ ನನಗೆ ಅದು ಗೊತ್ತಿದ್ದ ಸಂಗತಿಯೇ. ಆದರೂ ಮರುದಿನ ಶೌಚಾಲಯದಲ್ಲಿ ನನಗೆ ನೆನಪಾದದ್ದು ಪಠ್ಯಪುಸ್ತಕವಲ್ಲ, ಅವರ ದನಿ.

ಮಾಂಗಲ್ಯದ ಮಾತನ್ನೂ ಅವರೇ ತೆಗೆದರು. ಶಸ್ತ್ರಚಿಕಿತ್ಸೆಯ ಕೊಠಡಿಯೊಳಗೆ ಒಡವೆಗೆ ಅವಕಾಶವಿಲ್ಲ. ಬೆಳಿಗ್ಗೆ ಮನೆಯಲ್ಲೇ ತೆಗೆದು ದೇವರ ಮುಂದೆ ಇಟ್ಟು ಹೋಗಿ. ಆಸ್ಪತ್ರೆಯಲ್ಲಿ ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಹೆಸರು ಬರೆಯುವುದನ್ನು ನೋಡುವುದು ಕಷ್ಟ ಎಂದರು. ನಾನು ಅಂಥ ವಿಷಯಗಳಲ್ಲಿ ಅಷ್ಟು ನಂಬಿಕೆಯುಳ್ಳವಳಲ್ಲ. ಆದರೂ ಹಾಗೆಯೇ ಮಾಡಿದೆ.

ಹೊರಡುವಾಗ, "ನೋಡ್ತೀರಾ?" ಎಂದು ಕೇಳಿದರು. ಕಿಟಕಿಯ ಪರದೆ ಎಳೆದು ಅಂಗಿಯ ಗುಂಡಿಗಳನ್ನು ಬಿಚ್ಚಿದರು. ಇಂಥ ಕಲೆಗಳನ್ನು ನನ್ನ ವೃತ್ತಿಯಲ್ಲಿ ನೂರಾರು ನೋಡಿದ್ದೇನೆ. ಗಾಯ ಒಣಗಿದೆಯೇ, ಕೀವು ಇದೆಯೇ ಎಂದು ಪರೀಕ್ಷಿಸಿ ಮುಂದಿನ ರೋಗಿಯನ್ನು ಕರೆದಿದ್ದೇನೆ. ಅಂದು ಮೊದಲ ಬಾರಿಗೆ, ವೈದ್ಯೆಯಾಗಿ ಅಲ್ಲದೆ, ಒಂದು ಕಲೆಯನ್ನು ನೋಡಿದೆ. ಮಸುಕಾದ ಒಂದು ಗೆರೆ, ಅದರ ಪಕ್ಕದಲ್ಲಿ ಎಂದಿನ ಸರ. ಅವರು ಗುಂಡಿ ಹಾಕಿಕೊಂಡು ಇಡ್ಲಿ ಹಿಟ್ಟನ್ನು ಡಬ್ಬಿಗೆ ತುಂಬಿಸಿ ಕೊಟ್ಟರು. ಆ ರಾತ್ರಿ ಆರು ಗಂಟೆ ನಿದ್ರಿಸಿದೆ.

ಇಂಥ ಆಸರೆಗೆ ಒಂದು ಇತಿಹಾಸವಿದೆ. ನ್ಯೂಯಾರ್ಕಿನ ಟೆರೀಸ್ ಲಾಸರ್ ಎಂಬಾಕೆ 1952ರಲ್ಲಿ ಸ್ತನ ತೆಗೆಸಿಕೊಂಡ ನಂತರ, ಕೈ ಹೇಗೆ ಆಡಿಸಬೇಕು, ಯಾವ ಬಟ್ಟೆ ತೊಡಬೇಕು ಎಂದು ಹೇಳುವವರೇ ಇಲ್ಲವೆಂದು ಕಂಡು, ಇತರ ರೋಗಿಗಳ ಹಾಸಿಗೆಯ ಬಳಿಗೆ ತಾನೇ ಹೋಗತೊಡಗಿದಳು. ವೈದ್ಯರಿಗೆ ಮೊದಮೊದಲು ಇದು ಹಿಡಿಸಲಿಲ್ಲ. 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಆಕೆಯ 'ರೀಚ್ ಟು ರಿಕವರಿ'ಯನ್ನು ತನ್ನದಾಗಿಸಿಕೊಂಡಿತು. ಇಲ್ಲಿ ಮೆಲ್ಬರ್ನಿನಲ್ಲಿ ಲಿನ್ ಸ್ವಿನ್‌ಬರ್ನ್ ಎಂಬ ಶಿಕ್ಷಕಿ, ತಮಗೇ ಈ ರೋಗ ಬಂದ ಬಳಿಕ, 1998ರಲ್ಲಿ ಬ್ರೆಸ್ಟ್ ಕ್ಯಾನ್ಸರ್ ನೆಟ್‌ವರ್ಕ್ ಆಸ್ಟ್ರೇಲಿಯಾ ಸ್ಥಾಪಿಸಿದರು. ಶಸ್ತ್ರಚಿಕಿತ್ಸೆಯ ನಂತರ ತೊಡಲು ಮೆತ್ತನೆಯ ಒಳಉಡುಪು ಇವರ ಮೂಲಕ ಉಚಿತವಾಗಿ ಸಿಗುತ್ತದೆ. ನರ್ಸ್‌ಗೆ ಹೇಳಿದರೆ ತರಿಸಿಕೊಡುತ್ತಾರೆ. ಕ್ರಿಕೆಟ್ ನೋಡುವವರಿಗೆ ಸಿಡ್ನಿಯ ಜನವರಿ ಟೆಸ್ಟಿನ ಗುಲಾಬಿ ಟೋಪಿಗಳು ನೆನಪಿರಬಹುದು. 2008ರಲ್ಲಿ ತೀರಿಕೊಂಡ, ಗ್ಲೆನ್ ಮೆಕ್‌ಗ್ರಾ ಅವರ ಪತ್ನಿ ಜೇನ್ ಹೆಸರಿನಲ್ಲಿ ಆ ದಿನ ಸೇರುವ ಹಣ ಇಂಥ ನರ್ಸ್‌ಗಳನ್ನು ನೇಮಿಸಲು ಬಳಕೆಯಾಗುತ್ತದೆ. ಇನ್ನು ನಮ್ಮ ಕ್ಲೇಟನ್ನಿನ ಮೊನಾಶ್ ಮೆಡಿಕಲ್ ಸೆಂಟರಿನ ಬೇರುಗಳಲ್ಲಿ ಒಂದು, 1896ರಲ್ಲಿ ಮೆಲ್ಬರ್ನಿನ ಮಹಿಳಾ ವೈದ್ಯರು ಮಹಿಳೆಯರಿಗಾಗಿಯೇ ಕಟ್ಟಿದ ಕ್ವೀನ್ ವಿಕ್ಟೋರಿಯಾ ಆಸ್ಪತ್ರೆ; ಅದು 1987ರಲ್ಲಿ ಇಲ್ಲಿಗೆ ಬಂತು. ಕನ್ನಡದಲ್ಲಿಯೇ ಓದಬೇಕೆನ್ನುವವರಿಗೆ ಬಿ.ವಿ. ಭಾರತಿಯವರ 'ಸಾಸಿವೆ ತಂದವಳು' ಇದೆ. ಸ್ತನ ಕ್ಯಾನ್ಸರನ್ನು ಎದುರಿಸಿದವರೇ ಬರೆದ ಕಥನವದು. ಅಕ್ಕ ತಮ್ಮ ಪ್ರತಿಯನ್ನು ನನಗೆ ಕೊಟ್ಟರು.

ಒಂದು ಪ್ರಶ್ನೆಗೆ ಮಾತ್ರ ಅವರು ಉತ್ತರಿಸಲಿಲ್ಲ. ಗೆಡ್ಡೆಯನ್ನಷ್ಟೇ ತೆಗೆಸಲೇ, ಸ್ತನವನ್ನೇ ತೆಗೆಸಲೇ ಎಂದು ಕೇಳಿದ್ದೆ. "ಅದು ನಿಮ್ಮ ಸರ್ಜನ್ ಹತ್ತಿರ ಕೇಳೋ ಪ್ರಶ್ನೆ. ನನ್ನದು ನನ್ನ ಕಥೆ" ಎಂದರು. ಅನುಭವಸ್ಥರಲ್ಲಿ ಈ ಸಂಯಮ ಇಲ್ಲದಿದ್ದರೆ ಅವರಿಂದ ದೂರವಿರುವುದೇ ಲೇಸು. ಊರಿನಿಂದ ಅಣ್ಣ ಮಾತ್ರ ಫೋನಿನಲ್ಲಿ, "ಪೂರ್ತಿ ತೆಗೆಸಿಬಿಡು, ಮತ್ತೆ ತಲೆನೋವೇ ಬೇಡ" ಎನ್ನುತ್ತಿದ್ದ. ಬಹುಮಂದಿ ಬಂಧುಗಳು ಹೇಳುವುದು ಇದನ್ನೇ. ಆದರೆ ಅಮೆರಿಕದ ಬರ್ನಾರ್ಡ್ ಫಿಶರ್, ಇಟಲಿಯ ಉಂಬೆರ್ಟೊ ವೆರೊನೇಸಿ ಇವರ ಅಧ್ಯಯನಗಳ 20 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಆರಂಭದ ಹಂತದಲ್ಲಿ ಗೆಡ್ಡೆಯನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಪಡೆದವರೂ ಸ್ತನವನ್ನೇ ತೆಗೆಸಿಕೊಂಡವರೂ ಬದುಕಿದ ಪ್ರಮಾಣ ಒಂದೇ ಎಂಬುದನ್ನು ಅವು ತೋರಿಸಿದವು. ಎಲ್ಲರಿಗೂ ಇದು ಹೊಂದದು. ಅಕ್ಕನಿಗೆ ಹೊಂದಿರಲಿಲ್ಲ, ನನಗೆ ಹೊಂದಿತು.

ಸಾಗರದಲ್ಲಿರುವ ಅಮ್ಮನಿಗೆ ನಾನು ಹೇಳಿರಲಿಲ್ಲ. ವಿದೇಶದಲ್ಲಿರುವ ನಾವು ಇದನ್ನು ಕರುಣೆಯೆಂದು ಭಾವಿಸುತ್ತೇವೆ: ಅಷ್ಟು ದೂರದಲ್ಲಿದ್ದಾರೆ, ಸುಮ್ಮನೆ ಏಕೆ ನೋಯಿಸಬೇಕು. ಅಕ್ಕನೂ ಹಾಗೆಯೇ ಮಾಡಿದ್ದರು, ಎಲ್ಲ ಮುಗಿದ ಮೇಲೆ ತಿಳಿಸಿದ್ದರು. "ಆಮೇಲೆ ನಾನು ಚೆನ್ನಾಗಿದ್ದೀನಿ ಅಂತ ಹೇಳಿದಾಗಲೆಲ್ಲ ನಮ್ಮಮ್ಮ, 'ನಿಜ ಹೇಳು' ಅಂತಿದ್ದರು. ಸಾಯೋವರೆಗೂ ನಂಬಲಿಲ್ಲ" ಎಂದರು. ಆ ಭಾನುವಾರ ನಾನು ಅಮ್ಮನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಮೌನ. ಬಳಿಕ ಅಮ್ಮ ಅಳಲಿಲ್ಲ, "ಯಾವ ದಿನ? ನಮ್ಮ ಗಂಟೆಗೆ ಎಷ್ಟಾಗ್ತದೆ?" ಎಂದು ಕೇಳಿದರು. ಮೇ ತಿಂಗಳಲ್ಲಿ ನಾವು ನಾಲ್ಕೂವರೆ ಗಂಟೆ ಮುಂದೆ. ಇಲ್ಲಿಯ 11 ಗಂಟೆ ಅಲ್ಲಿಯ ಬೆಳಗಿನ ಆರೂವರೆ. ಆ ದಿನ ಅಮ್ಮ ಐದಕ್ಕೇ ಎದ್ದು ಸ್ನಾನ ಮಾಡಿ ದೀಪ ಹಚ್ಚಿ ಕುಳಿತಿದ್ದರಂತೆ. ಪ್ರಜ್ಞೆ ತಪ್ಪುವ ಮುನ್ನ ನನಗೆ ಅದು ಗೊತ್ತಿತ್ತು.

ಊರಿನಲ್ಲಿರುವ ಬಂಧುಗಳಲ್ಲಿ ಒಂದೆರಡು ವಿನಂತಿ. ಮನೆಯಲ್ಲಿ ಒಬ್ಬರು ಮಾತ್ರ ಸುದ್ದಿ ಪಡೆದು ಉಳಿದವರಿಗೆ ತಿಳಿಸಲಿ. ನನ್ನ ಪತಿ ಮೊದಲ ದಿನವೇ 23 ಕರೆಗಳಿಗೆ ಒಂದೇ ಕಥೆಯನ್ನು ಹೇಳಿದರು. ಇದೇ ರೋಗದಿಂದ ತೀರಿಕೊಂಡ ಚಿಕ್ಕಮ್ಮನ ವೃತ್ತಾಂತ ಈಗ ಬೇಡ. ಕಷಾಯದ ಪುಡಿ, ಗಿಡಮೂಲಿಕೆಯ ಮಾತ್ರೆಗಳನ್ನು ಕಳುಹಿಸಬೇಡಿ. ಅವುಗಳಲ್ಲಿ ಕೆಲವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು, ಅರಿವಳಿಕೆ ತಜ್ಞರಿಗೆ ತಿಳಿಸಲೇಬೇಕು.

ಇಲ್ಲಿಗೆ ಬರಲು ಸಿದ್ಧರಾಗುತ್ತಿರುವವರು ಸೂಟ್‌ಕೇಸಿನಷ್ಟೇ ವಿಮೆಯನ್ನೂ ಪರಿಶೀಲಿಸಿರಿ. ತಾತ್ಕಾಲಿಕ ವೀಸಾದವರಲ್ಲಿ ಬಹುಪಾಲು ಮಂದಿಗೆ ಮೆಡಿಕೇರ್ ಇಲ್ಲ. ಖಾಸಗಿ ವಿಮೆಯಲ್ಲಿ, ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ 12 ತಿಂಗಳು ಕಾಯಬೇಕು. ಎದೆಯಲ್ಲಿ ಗಂಟು ಕಂಡಿದ್ದರೆ ವಿಮಾನ ಹತ್ತುವ ಮೊದಲೇ ತೋರಿಸಿಕೊಳ್ಳಿ. ಇಂಗ್ಲಿಷ್ ಸಲೀಸಲ್ಲದ ತಾಯಿಗೆ ಮಗನನ್ನೇ ದುಭಾಷಿಯಾಗಿಸಬೇಡಿ. ಮಗನ ಮುಂದೆ ಯಾವ ತಾಯಿ ತಾನೆ ಎಲ್ಲವನ್ನೂ ಹೇಳಿಯಾಳು? 131 450 ಸಂಖ್ಯೆಯಲ್ಲಿ ಸರ್ಕಾರದ ದುಭಾಷಿ ಸೇವೆಯಿದೆ. ಕನ್ನಡದವರು ಬೇಕೆಂದು ಕ್ಲಿನಿಕ್ಕಿಗೆ ಮುಂಚಿತವಾಗಿ ತಿಳಿಸಿ.

ನನ್ನ ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಸಿಡ್ನಿಯಲ್ಲಿ ಓದುವ ಮಗ ಬಂದು ಹತ್ತು ದಿನ ಅಡುಗೆ ಮಾಡಿದ. ಸಾರಿಗೆ ಹುಳಿ ಹೆಚ್ಚಾದರೂ ಯಾರೂ ಹೇಳಲಿಲ್ಲ. ದುಗ್ಧಗ್ರಂಥಿಯಲ್ಲಿ ರೋಗವಿರಲಿಲ್ಲ. ವಿಕಿರಣ ಚಿಕಿತ್ಸೆ ಮುಗಿದು ಮಾತ್ರೆ ನಡೆಯುತ್ತಿದೆ.

ಕಳೆದ ತಿಂಗಳು ಅದೇ ಗೆಳತಿ ಫೋನ್ ಮಾಡಿ, ನನ್ನ ಹೆಸರನ್ನು ಒಬ್ಬರಿಗೆ ಹೇಳಬಹುದೇ ಎಂದು ಕೇಳಿದಳು. ನಗರದ ಪಶ್ಚಿಮ ತುದಿಯ ಟಾರ್ನೀಟ್‌ನಲ್ಲಿ ಆಕೆಯ ಮನೆ. ಇನ್ನೂ ನಲವತ್ತೊಂದು ವರ್ಷ, ಇಬ್ಬರು ಸಣ್ಣ ಮಕ್ಕಳು. ಪುಟ್ಟ ದಿಂಬನ್ನು ಒಗೆದು, ಎರಡು ಅಂಗಿಗಳ ಜೊತೆ ಚೀಲದಲ್ಲಿಟ್ಟುಕೊಂಡು ಹೋದೆ. ಆಕೆ ಬಾಗಿಲಲ್ಲೇ ಕೇಳಿದ್ದು, "ಡಾಕ್ಟ್ರೇ, ಕುಕ್ಕರ್ ಎತ್ತೋಕೆ ಎಷ್ಟು ದಿನ ಬೇಕು?"

"ನನಗೆ ನಾಲ್ಕು ವಾರ ಬೇಕಾಯಿತು. ನಿಮ್ಮದನ್ನು ನಿಮ್ಮ ಸರ್ಜನ್ ಹೇಳಬೇಕು" ಎಂದೆ. "ಮೊದಲು ನಿಮ್ಮ ಬೇಳೆ ಡಬ್ಬಿ ಎಲ್ಲಿದೆ, ತೋರಿಸಿ."