ಹೊಗೆಸೊಪ್ಪಿನ ಹೊಲದಲ್ಲಿ ಜೀವಕೋಶದ ಪಾಠ

ಆಗಸ್ಟ್ ತಿಂಗಳು. ಸರಗೂರು, ಎಚ್.ಡಿ. ಕೋಟೆ, ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಮುರಿಯುವ ಕಾಲ. ರಾತ್ರಿ ಸುರಿದ ಮಳೆಯ ನೀರು ಎಲೆಗಳ ಮೇಲೆ ಇನ್ನೂ ನಿಂತಿದೆ. ಪ್ರಥಮ ಪಿ.ಯು.ಸಿ. ವಿಜ್ಞಾನ ಓದುತ್ತಿರುವ ನಿಮ್ಮ ಮಗಳು ಭಾನುವಾರ ರಜೆಯಾದ್ದರಿಂದ ಅಮ್ಮನ ಜೊತೆ ಹೊಲಕ್ಕೆ ಹೋಗುತ್ತಾಳೆ ಎಂದುಕೊಳ್ಳಿ. ಮುರಿದ ಸೊಪ್ಪನ್ನು ಕಂಕುಳಲ್ಲಿ ಅವುಚಿಕೊಂಡು ಹೊರುತ್ತಾಳೆ. ಮಧ್ಯಾಹ್ನ ಕಡ್ಡಿಗೆ ಸೊಪ್ಪು ಕಟ್ಟಲು ಕೂರುತ್ತಾಳೆ. ಒದ್ದೆ ಬಟ್ಟೆ ಮೈಮೇಲೆಯೇ ಒಣಗುತ್ತದೆ. ಸಂಜೆಯ ಹೊತ್ತಿಗೆ ತಲೆ ಸುತ್ತು, ಬಾಯಿ ತುಂಬ ನೀರು, ಆಮೇಲೆ ವಾಂತಿ. ಮುಖ ಬಿಳಿಚಿಕೊಂಡು ಮೈಯೆಲ್ಲ ಬೆವರು. 'ಪಿತ್ತ ಕೆರಳಿದೆ ಕಣವ್ವ' ಎಂದು ಅಜ್ಜಿ ನಿಂಬೆಹಣ್ಣು ಹಿಂಡಿ ಕೊಡುತ್ತಾರೆ. ದೃಷ್ಟಿಯನ್ನೂ ತೆಗೆಯುತ್ತಾರೆ. ಒಂದೆರಡು ದಿನದಲ್ಲಿ ಹುಡುಗಿ ಎದ್ದು ಕೂರುತ್ತಾಳೆ. ಪಿತ್ತ ಇಳಿಯಿತೆಂದು ಎಲ್ಲರಿಗೂ ಸಮಾಧಾನ.

ಇದು ಪಿತ್ತವಲ್ಲ, ದೃಷ್ಟಿಯೂ ಅಲ್ಲ. ಆಕೆಯ ಚೀಲದಲ್ಲಿರುವ ಜೀವಶಾಸ್ತ್ರದ ಪುಸ್ತಕದಲ್ಲೇ ಇದರ ವಿವರಣೆ ಇದೆ. ಜೀವಕೋಶಗಳ ಉಸಿರಾಟ ಒಂದು ಅಧ್ಯಾಯ, ಕೋಶಗಳು ಪರಸ್ಪರ ಸಂದೇಶ ಕಳಿಸಿಕೊಳ್ಳುವ ಬಗೆ ಇನ್ನೊಂದು. ಮಕ್ಕಳು ಇವೆರಡನ್ನೂ ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಮನೆಯ ಹಿರಿಯರೂ ಇದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಉಸಿರಾಟ. ನಾವು ಉಸಿರಾಡುವುದು ಮೂಗಿನಿಂದ ಎನ್ನುತ್ತೇವೆ. ಮೂಗು, ಶ್ವಾಸಕೋಶಗಳು ಗಾಳಿಯನ್ನು ಒಳಗೆ ತರುವ ಬಾಗಿಲು ಮಾತ್ರ. ನಿಜವಾದ ಉಸಿರಾಟ ನಡೆಯುವುದು ಒಂದೊಂದು ಜೀವಕೋಶದ ಒಳಗೆ. ಬೆಳಿಗ್ಗೆ ತಿಂದ ರಾಗಿಮುದ್ದೆಯ ಪಿಷ್ಟ ಹೊಟ್ಟೆ, ಕರುಳುಗಳಲ್ಲಿ ಗ್ಲೂಕೋಸ್ ಆಗಿ ಒಡೆದು ರಕ್ತ ಸೇರಿ ಕೋಶಕ್ಕೆ ಬರುತ್ತದೆ. ಕೋಶದ್ರವದಲ್ಲಿ ಅದು ಎರಡು ತುಂಡಾಗುತ್ತದೆ. ಇಷ್ಟಕ್ಕೆ ಆಮ್ಲಜನಕ ಬೇಡ, ಸಿಗುವ ಶಕ್ತಿಯೂ ಅತ್ಯಲ್ಪ. ಈ ತುಂಡುಗಳು ಮೈಟೋಕಾಂಡ್ರಿಯ ಎಂಬ ಪುಟ್ಟ ಒಲೆಗಳಿಗೆ ಹೋದಾಗಲೇ ನಿಜವಾದ ಅಡುಗೆ ಆರಂಭ. 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ವಿವರಿಸಿದ ಚಕ್ರದಲ್ಲಿ ಸುತ್ತಿ ಸುತ್ತಿ ಅವು ಇಂಗಾಲದ ಡೈಆಕ್ಸೈಡ್ ಆಗುತ್ತವೆ. ಬಿಡುಗಡೆಯಾದ ಇಲೆಕ್ಟ್ರಾನುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಯ ಮೆಟ್ಟಿಲಲ್ಲಿ ಆಮ್ಲಜನಕದ ಜೊತೆ ಸೇರಿ ನೀರಾಗುತ್ತವೆ. ಹೀಗೆ ಇಳಿಯುವಾಗ ದೊರೆತ ಶಕ್ತಿಯನ್ನು ಕೋಶ ಎ.ಟಿ.ಪಿ. ಎಂಬ ಚಿಲ್ಲರೆ ನಾಣ್ಯವಾಗಿ ಮಾಡಿಟ್ಟುಕೊಳ್ಳುತ್ತದೆ.

ಒಂದು ಗ್ಲೂಕೋಸಿಗೆ 36 ಅಥವಾ 38 ಎ.ಟಿ.ಪಿ. ಎಂದು ಪುಸ್ತಕಗಳು ಹೇಳುತ್ತವೆ. ಇತ್ತೀಚಿನ ಲೆಕ್ಕದ ಪ್ರಕಾರ ಅದು 30ರಿಂದ 32. ಮಗಳು ಪರೀಕ್ಷೆಯಲ್ಲಿ ಪುಸ್ತಕದ ಲೆಕ್ಕವನ್ನೇ ಬರೆಯಲಿ, ಅಂಕ ಕೊಡುವವರು ಅವರು! ಈ ನಾಣ್ಯವನ್ನು ಕೂಡಿಡಲು ಬರುವುದಿಲ್ಲ ಎಂಬುದಂತೂ ನೆನಪಿರಲಿ. ಅಂದಿನದು ಅಂದಿಗೆ, ಆ ಕ್ಷಣದ್ದು ಆ ಕ್ಷಣಕ್ಕೆ. ಆದ್ದರಿಂದಲೇ ಆಮ್ಲಜನಕ ಕೆಲವೇ ನಿಮಿಷ ನಿಂತರೂ ಮಿದುಳಿನ ಕೋಶಗಳು ಸಾಯಲು ತೊಡಗುತ್ತವೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಿರುವ ಮಿದುಳು, ನಾವು ಬಳಸುವ ಆಮ್ಲಜನಕದ ಐದನೆಯ ಒಂದು ಭಾಗವನ್ನು ತಾನೊಂದೇ ತಿನ್ನುತ್ತದೆ.

ಉಸಿರಾಟ ಪ್ರಾಣಿಗಳದ್ದು, ಗಿಡದ್ದೇನಿದ್ದರೂ ದ್ಯುತಿಸಂಶ್ಲೇಷಣೆ ಎಂದು ತಿಳಿದವರು ಬಹಳ ಮಂದಿ. ಇದು ತಪ್ಪು ಎಂಬುದನ್ನು ಬ್ಯಾರನ್‌ನಲ್ಲಿ ಸೊಪ್ಪು ಬೇಯಿಸುವ ಯಾವ ರೈತರಾದರೂ ತೋರಿಸಬಲ್ಲರು. ಬ್ಯಾರನ್‌ಗೆ ಏರಿಸಿದ ಹಸಿ ಎಲೆ ಗಿಡದಿಂದ ಬೇರೆಯಾಗಿದ್ದರೂ ಸತ್ತಿರುವುದಿಲ್ಲ. ಮೊದಲ ಹಂತದಲ್ಲಿ ಶಾಖವನ್ನು ಸುಮಾರು 32ರಿಂದ 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಿಡಿದು, ತೇವ ಆರದಂತೆ ನೋಡಿಕೊಳ್ಳುತ್ತಾರಲ್ಲವೇ? ಆ ಹೊತ್ತಿನಲ್ಲಿ ಎಲೆಯ ಕೋಶಗಳು ತಮ್ಮೊಳಗಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ, ಅದರಲ್ಲಿ ಒಂದಿಷ್ಟನ್ನು ಉಸಿರಾಟಕ್ಕೆ ಸುಡುತ್ತವೆ. ಹಸಿರು ಕರಗಿ ಹಳದಿ ಕಾಣುತ್ತದೆ. ಅವಸರಪಟ್ಟು ಬೆಂಕಿ ಹೆಚ್ಚಿಸಿದರೆ ಕೋಶಗಳು ಮೊದಲೇ ಸತ್ತು ಎಲೆ ಹಸಿರಾಗಿಯೇ ಉಳಿಯುತ್ತದೆ, ಹರಾಜಿನಲ್ಲಿ ಬೆಲೆ ಬೀಳುತ್ತದೆ. ಬಹಳ ಹೊತ್ತು ಬಿಟ್ಟರೆ ಎಲೆ ತನ್ನ ಸಕ್ಕರೆಯನ್ನು ತಾನೇ ತಿಂದು ತೂಕ ಕಳೆದುಕೊಳ್ಳುತ್ತದೆ. ಸರಿಯಾದ ಗಳಿಗೆಯಲ್ಲಿ ಶಾಖ ಏರಿಸಿ ಬಣ್ಣ ನಿಲ್ಲಿಸುವುದೆಂದರೆ ಉಸಿರಾಟವನ್ನು ನಿಲ್ಲಿಸುವುದೆಂದೇ ಅರ್ಥ. ಇಷ್ಟನ್ನೆಲ್ಲ ಅಪ್ಪನಿಗೆ ಕೈಯ ಅನುಭವ ಕಲಿಸಿದೆ. ಮಗಳಿಗೆ ಅದನ್ನೇ ಪುಸ್ತಕ ಕಲಿಸುತ್ತಿದೆ. ಇಬ್ಬರೂ ಒಂದು ಸಂಜೆ ಬ್ಯಾರನ್ ಮುಂದೆ ಕೂತು ಮಾತಾಡಿದರೆ ಟ್ಯೂಷನ್ ಬೇಕಾಗಲಾರದು.

ಆದರೆ ಅದೇ ಬ್ಯಾರನ್ ಮನುಷ್ಯರ ಕೋಶಗಳ ಉಸಿರನ್ನೂ ನಿಲ್ಲಿಸಬಲ್ಲದು. ಸೌದೆ ಸರಿಯಾಗಿ ಉರಿಯದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಸಾಗುವ ಕೊಳವೆಯಲ್ಲಿ ಬಿರುಕಿದ್ದರೆ ಅದು ಬ್ಯಾರನ್‌ನ ಒಳಗೆ ತುಂಬಿಕೊಳ್ಳುತ್ತದೆ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಈ ಅನಿಲದ ಮೇಲೆ ಇನ್ನೂರು ಪಟ್ಟಿಗೂ ಮಿಕ್ಕಿದ ಒಲವು. ಮೈಟೋಕಾಂಡ್ರಿಯದ ಕೊನೆಯ ಮೆಟ್ಟಿಲಿನಲ್ಲೂ ಅದು ಅಡ್ಡ ಕೂರುತ್ತದೆ. ತಲೆನೋವು, ಓಕರಿಕೆ, ಮಂಪರು, ಆಮೇಲೆ ಪ್ರಜ್ಞೆ ತಪ್ಪುವುದು. ರಾತ್ರಿ ಬೆಂಕಿ ಕಾಯುವವರು ಚಳಿಗೆಂದು ಬ್ಯಾರನ್ ಒಳಗೆ ಅಥವಾ ಒಲೆಯ ಬಳಿ ಮುಚ್ಚಿದ ಜಾಗದಲ್ಲಿ ಮಲಗುವುದು ಬಹಳ ಅಪಾಯ. ಕೊರೊನಾ ಕಾಲದಲ್ಲಿ ಕೊಂಡ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಯಲ್ಲಿದ್ದರೆ ಅದನ್ನು ನಂಬಬೇಡಿ. ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತವನ್ನೂ ಅದು ಆಮ್ಲಜನಕದ ರಕ್ತವೆಂದೇ ಓದಿ 98, 99 ಎಂದು ತೋರಿಸಬಹುದು. ಅಂಥವರನ್ನು ಕೂಡಲೇ ಬಯಲು ಗಾಳಿಗೆ ತಂದು ಆಸ್ಪತ್ರೆಗೆ ಸಾಗಿಸಬೇಕು.

ಈಗ ನಮ್ಮ ಹುಡುಗಿಯ ವಿಷಯಕ್ಕೆ ಬರೋಣ. ಆಕೆ ಬ್ಯಾರನ್ ಒಳಗೆ ಕಾಲಿಟ್ಟಿರಲಿಲ್ಲ. ಆಕೆಯ ಕೋಶಗಳಿಗೆ ಉಸಿರಾಟದ ತೊಂದರೆಯೂ ಆಗಿರಲಿಲ್ಲ. ಕೆಟ್ಟದ್ದು ಸಂದೇಶ.

ನರಗಳ ತುದಿಗೂ ಮುಂದಿನ ಕೋಶಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇರುತ್ತದೆ. ಆಚೆಗೆ ಸುದ್ದಿ ಮುಟ್ಟಿಸಲು ನರ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಚಿಮ್ಮುತ್ತದೆ. ಆಚೆಯ ಕೋಶದ ಹೊದಿಕೆಯಲ್ಲಿ ಅದಕ್ಕೆಂದೇ ಗ್ರಾಹಕಗಳಿವೆ. ಬೀಗಕ್ಕೆ ಕೀಲಿ ಕೂತಂತೆ ಅದು ಅಲ್ಲಿ ಕೂತ ಕೂಡಲೇ ಬಾಗಿಲು ತೆರೆಯುತ್ತದೆ, ಸ್ನಾಯು ಸೆಟೆಯುತ್ತದೆ ಅಥವಾ ಮುಂದಿನ ನರ ಎಚ್ಚರಗೊಳ್ಳುತ್ತದೆ. ಕೆಲಸ ಮುಗಿದೊಡನೆ ಒಂದು ಕಿಣ್ವ ಬಂದು ಕೀಲಿಯನ್ನು ಮುರಿದುಹಾಕುತ್ತದೆ. ಇಷ್ಟೂ ನಡೆಯುವುದು ಒಂದು ಸೆಕೆಂಡಿನ ಸಾವಿರದ ಕೆಲವೇ ಭಾಗಗಳಲ್ಲಿ. ಸಂದೇಶ ಕಳಿಸುವುದು ಎಷ್ಟು ಮುಖ್ಯವೋ ಅದನ್ನು ಅಳಿಸುವುದೂ ಅಷ್ಟೇ ಮುಖ್ಯ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಹೊಗೆಸೊಪ್ಪಿನ ನಿಕೋಟಿನ್ ಈ ಬೀಗಕ್ಕೆ ಹೊಂದುವ ಕಳ್ಳಕೀಲಿ. ಕೀಟಗಳು ತನ್ನನ್ನು ತಿನ್ನದಿರಲೆಂದು ಗಿಡ ತಯಾರಿಸಿಕೊಂಡ ವಿಷ ಅದು. ಗ್ರಾಹಕದಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಆ ಕಿಣ್ವಕ್ಕೆ ಅದನ್ನು ಮುರಿಯಲಾಗದು. ಯಕೃತ್ತು ನಿಧಾನವಾಗಿ ಕರಗಿಸುವವರೆಗೂ ಬಾಗಿಲು ಬಡಿಯುತ್ತಲೇ ಇರುತ್ತದೆ. ಜೊಲ್ಲು, ಬೆವರು, ಹೊಟ್ಟೆನುಲಿತ, ವಾಂತಿ, ಎದೆಬಡಿತದ ಏರುಪೇರು. ಪ್ರಮಾಣ ಹೆಚ್ಚಾದರೆ ಗ್ರಾಹಕಗಳು ದಣಿದು ಸ್ನಾಯುಗಳು ಸೋಲುತ್ತವೆ. ಮಳೆ ಅಥವಾ ಇಬ್ಬನಿಯ ನೀರಿನಲ್ಲಿ ಎಲೆಯ ನಿಕೋಟಿನ್ ಕರಗಿ, ಒದ್ದೆ ಬಟ್ಟೆಯ ಮೂಲಕ ಚರ್ಮದೊಳಕ್ಕೆ ಇಳಿಯುತ್ತದೆ. ಬೀಡಿ ಸೇದಬೇಕಾಗಿಲ್ಲ, ಎಲೆ ಜಗಿಯಬೇಕಾಗಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 1970ರಲ್ಲಿ ವೈದ್ಯರು ಇದನ್ನು ವರದಿ ಮಾಡಿದರು. ಹಸಿ ತಂಬಾಕಿನ ಕಾಯಿಲೆ ಎಂಬ ಅರ್ಥದ ಹೆಸರು ಇಂಗ್ಲಿಷಿನಲ್ಲಿ ನಿಂತಿದೆ. ನಮ್ಮಲ್ಲಿಯೂ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ಸಂಶೋಧಕರು ತಂಬಾಕು ಕೆಲಸಗಾರರಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ಲಕ್ಷಣಗಳು ಕೆಲಸ ಮುಗಿದು ಎಷ್ಟೋ ಗಂಟೆಗಳ ನಂತರ ಕಾಣಿಸುವುದರಿಂದ ಹೊಲಕ್ಕೂ ವಾಂತಿಗೂ ಇರುವ ನಂಟು ಮನೆಯವರಿಗೆ ಹೊಳೆಯುವುದಿಲ್ಲ.

ವರ್ಷಗಟ್ಟಲೆ ಬೀಡಿ ಸೇದಿದ ಗಂಡಸರಿಗೆ ಇದು ಅಷ್ಟಾಗಿ ಬಾಧಿಸದು, ಅವರ ಗ್ರಾಹಕಗಳಿಗೆ ನಿಕೋಟಿನ್ ಅಭ್ಯಾಸವಾಗಿರುತ್ತದೆ. ಪೆಟ್ಟು ಬೀಳುವುದು ಸೇದದ ಹೆಂಗಸರಿಗೆ, ಹೊಸಬರಿಗೆ, ಮಕ್ಕಳಿಗೆ. 'ನಮಗೇನೂ ಆಗಲಿಲ್ಲವಲ್ಲ, ಇವಳದ್ದು ನಾಜೂಕು' ಎಂದು ಮನೆಯ ಯಜಮಾನರು ಹೇಳಿದರೆ ಅದನ್ನು ಒಪ್ಪಬೇಡಿ.

ಇನ್ನೊಂದು ಸ್ವಾರಸ್ಯವಿದೆ. ಕೋಶಗಳ ಮೇಲೆ ಗ್ರಾಹಕ ಎಂಬುದೊಂದಿದೆ ಎಂಬ ಕಲ್ಪನೆಗೆ ದಾರಿ ತೋರಿಸಿದ್ದೇ ನಿಕೋಟಿನ್. ಕೇಂಬ್ರಿಜ್‌ನ ಲ್ಯಾಂಗ್ಲಿ 1905ರಲ್ಲಿ ನಿಕೋಟಿನ್ ಮತ್ತು ಕುರಾರೆ ವಿಷಗಳನ್ನು ಸ್ನಾಯುವಿನ ಮೇಲೆ ಪ್ರಯೋಗಿಸಿ, ಅದರಲ್ಲಿ 'ಗ್ರಹಿಸುವ ವಸ್ತು' ಇರಲೇಬೇಕೆಂದರು. 1921ರಲ್ಲಿ ಆಟೋ ಲೋವಿ ಒಂದು ಕಪ್ಪೆಯ ಹೃದಯದಿಂದ ಬಂದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿ, ಅದರ ಬಡಿತವೂ ನಿಧಾನವಾದದ್ದನ್ನು ಕಂಡರು. ನರದ ಮಾತು ರಾಸಾಯನಿಕದ ಮಾತು ಎಂಬುದು ಹೀಗೆ ಸಿದ್ಧವಾಯಿತು. ಅವರಿಗೂ ಹೆನ್ರಿ ಡೇಲ್ ಅವರಿಗೂ 1936ರಲ್ಲಿ ನೊಬೆಲ್ ಬಂತು. ಡೇಲ್ ಇಟ್ಟ ಹೆಸರಿನಿಂದಲೇ ಈ ಬೀಗಗಳನ್ನು ಇಂದಿಗೂ ನಿಕೋಟಿನಿಕ್ ಗ್ರಾಹಕಗಳೆಂದು ಕರೆಯುತ್ತೇವೆ.

ಕೀಟನಾಶಕಗಳು ಇದೇ ದಾರಿಯನ್ನು ಬೇರೆ ಬಗೆಯಲ್ಲಿ ಕೆಡಿಸುತ್ತವೆ. ಮೊನೊಕ್ರೊಟೊಫಾಸ್‌ನಂಥ ಸಾವಯವ ರಂಜಕದ ಔಷಧಗಳು ಕೀಲಿ ಮುರಿಯುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ನಮ್ಮದೇ ಅಸಿಟೈಲ್‌ಕೋಲಿನ್ ಅಳಿಯದೆ ಗುಡ್ಡೆಯಾಗಿ, ಕಣ್ಣ ಪಾಪೆ ಸೂಜಿಮೊನೆಯಂತಾಗಿ, ಶ್ವಾಸನಾಳ ನೀರು ತುಂಬಿ, ಉಸಿರಾಟದ ಸ್ನಾಯುಗಳು ಸೋಲುತ್ತವೆ. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮ ದೇವಾಲಯದಲ್ಲಿ ಪ್ರಸಾದ ತಿಂದವರಲ್ಲಿ 17 ಮಂದಿ ಸತ್ತದ್ದು ಇಂಥ ವಿಷದಿಂದಲೇ. ಅಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾಗಿ, ಅನೇಕರನ್ನು ಮೈಸೂರಿನ ಆಸ್ಪತ್ರೆಗಳಿಗೆ ತಂದರು. ಅಟ್ರೊಪಿನ್ ಚುಚ್ಚುಮದ್ದು ಗ್ರಾಹಕಗಳ ಒಂದು ಗುಂಪನ್ನು ಮುಚ್ಚಿ ಎಷ್ಟೋ ಜೀವಗಳನ್ನು ಉಳಿಸುತ್ತದೆ. ಆದರೆ ಹೊತ್ತು ಮೀರಬಾರದು. ಔಷಧ ಸಿಂಪಡಿಸಿದ ದಿನವೇ ವಾಂತಿ ಕಂಡರೆ ಸೊಪ್ಪಿನದೋ ಔಷಧದ್ದೋ ಎಂದು ಮನೆಯಲ್ಲಿ ಚರ್ಚೆ ಬೇಡ. 108ಕ್ಕೆ ಕರೆ ಮಾಡಿ. ಔಷಧದ ಡಬ್ಬಿ ಅಥವಾ ಅದರ ಚೀಟಿಯನ್ನು ಜೊತೆಗೆ ಒಯ್ಯಿರಿ, ವೈದ್ಯರಿಗೆ ಅದು ದೊಡ್ಡ ನೆರವು.

ಉಸಿರಾಟ, ಸಂದೇಶ ಎರಡೂ ಬೇರೆ ಬೇರೆ ಅಧ್ಯಾಯಗಳಾದರೂ ದೇಹದಲ್ಲಿ ಅವು ಬೇರೆಯಲ್ಲ. ಬಂಡೀಪುರ, ನಾಗರಹೊಳೆ ಕಾಡಿನಂಚಿನ ಹೊಲದಲ್ಲಿ ರಾತ್ರಿ ಕಾವಲಿಗೆ ಕೂತವರಿಗೆ ಆನೆ ಬಂದ ಸದ್ದು ಕೇಳಿದಾಗ ಏನಾಗುತ್ತದೆ? ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಅದು ಕೋಶದ ಒಳಗೆ ಹೋಗುವುದೇ ಇಲ್ಲ. ಹೊರಗಿನ ಗ್ರಾಹಕವನ್ನು ಮುಟ್ಟಿ ನಿಲ್ಲುತ್ತದೆ, ಒಳಗೆ ಸೈಕ್ಲಿಕ್ ಎ.ಎಂ.ಪಿ. ಎಂಬ ಎರಡನೆಯ ದೂತ ಓಡಾಡುತ್ತದೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ, ಎದೆ ಬಡಿದುಕೊಳ್ಳುತ್ತದೆ, ಸ್ನಾಯುಗಳ ಮೈಟೋಕಾಂಡ್ರಿಯಗಳು ಬಿಡುವಿಲ್ಲದೆ ಉರಿಯುತ್ತವೆ. ಓಟಕ್ಕೆ ಬೇಕಾದ ಎ.ಟಿ.ಪಿ. ಸಿದ್ಧ. ಸಕ್ಕರೆ ಕಾಯಿಲೆಯಲ್ಲಿ ಆಗುವುದು ಇದಕ್ಕಿಂತ ಭಿನ್ನ. ಇನ್ಸುಲಿನ್ ಸಾಲದೆಯೋ, ಬಂದ ಸಂದೇಶವನ್ನು ಕೋಶ ಕೇಳಿಸಿಕೊಳ್ಳದೆಯೋ ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ಕೋಶಗಳಿಗೆ ಉಪವಾಸ.

ಹಸಿ ಸೊಪ್ಪಿನಿಂದ ಮೈ ಕೆಟ್ಟವರನ್ನು ಮೊದಲು ಕೆಲಸದಿಂದ ಎಬ್ಬಿಸಿ, ಬಟ್ಟೆ ಬದಲಿಸಿ, ಸೋಪು ಹಚ್ಚಿ ಚೆನ್ನಾಗಿ ಮೈ ತೊಳೆಸಿ. ನೆರಳಲ್ಲಿ ಮಲಗಿಸಿ, ವಾಂತಿ ನಿಂತ ಮೇಲೆ ಸ್ವಲ್ಪ ಸ್ವಲ್ಪವಾಗಿ ನೀರು, ಮಜ್ಜಿಗೆ ಕೊಡಿ. ಅಜ್ಜಿಯ ನಿಂಬೆಹಣ್ಣಿನ ಪಾನಕಕ್ಕೂ ಅಡ್ಡಿಯಿಲ್ಲ, ಮೈ ತೊಳೆದ ಮೇಲೆ! ವಾಂತಿ ನಿಲ್ಲದಿದ್ದರೆ, ಉಸಿರು ಕಷ್ಟವಾದರೆ, ಮಂಪರು ಬಂದರೆ, ನಾಡಿ ನಿಧಾನವಾದರೆ ಆಸ್ಪತ್ರೆಗೆ ತಡಮಾಡಬೇಡಿ. ಬಂದದ್ದು ಹೊಲದಿಂದ ಎಂದು ವೈದ್ಯರಿಗೆ ನೀವೇ ಹೇಳಿ, ಅವರು ಕೇಳಲಿ ಎಂದು ಕಾಯಬೇಡಿ.

ಇನ್ನು ಮುಂಜಾಗ್ರತೆ. ಎಲೆಯ ಮೇಲಿನ ನೀರು ಆರಿದ ಮೇಲೆ ಸೊಪ್ಪು ಮುರಿಯುವುದು ಎಲ್ಲಕ್ಕಿಂತ ಮೇಲು. ಮಳೆಗಾಲದಲ್ಲಿ ಅದು ಸದಾ ಸಾಧ್ಯವಿಲ್ಲ ಎಂಬುದು ನನಗೂ ಗೊತ್ತು, ಕೂಲಿಯಾಳು ಸಿಕ್ಕ ದಿನವೇ ಕೆಲಸ ಆಗಬೇಕು. ಆಗದಿದ್ದರೆ ರಬ್ಬರ್ ಕೈಗವಸು, ತುಂಬುತೋಳಿನ ಅಂಗಿ, ಎದೆಯಿಂದ ಮೊಣಕಾಲವರೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳಿ. ಗೊಬ್ಬರದ ಚೀಲದ ಒಳಗಿನ ಹಾಳೆಯನ್ನು ಚೆನ್ನಾಗಿ ತೊಳೆದು ಬಳಸಿದರೂ ಆದೀತು. ಕೈ ತೊಳೆಯದೆ ಊಟಕ್ಕೆ ಕೂರಬಾರದು. ಬಸುರಿಯರು, ಎದೆಹಾಲು ಕುಡಿಸುವ ತಾಯಂದಿರು, ಮಕ್ಕಳು ಹಸಿ ಸೊಪ್ಪಿನ ಕೆಲಸಕ್ಕೆ ಹೋಗಲೇಬಾರದು, ಹೊರೆ ಎಷ್ಟೇ ಇರಲಿ. ಹೊಲದಿಂದ ಬಂದವರು ಮಗುವನ್ನು ಎತ್ತಿಕೊಳ್ಳುವ ಮೊದಲು ಸ್ನಾನ ಮಾಡಲಿ. ಆ ಬಟ್ಟೆಯನ್ನು ಮನೆಯ ಉಳಿದ ಬಟ್ಟೆಗಳ ಜೊತೆ ನೆನೆಸಬೇಡಿ, ಮರುದಿನಕ್ಕೆಂದು ಹಾಗೆಯೇ ಗೂಟಕ್ಕೆ ನೇತುಹಾಕಲೂ ಬೇಡಿ. ಒಣಗಿದ ಬಟ್ಟೆಯಲ್ಲಿ ನಿಕೋಟಿನ್ ಉಳಿದಿರುತ್ತದೆ, ಮೈ ಬೆವರಿದೊಡನೆ ಮತ್ತೆ ಕರಗುತ್ತದೆ.